ಮಲೆನಾಡಿನ ಮನೆಯ ಒಳಗೋಡೆಗೆ ರೋಲರ್‌ನಲ್ಲಿ ಬಣ್ಣ ಹಚ್ಚುವುದು ಹೇಗೆ?

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಪಡುವಣ ಕೋಣೆಗೆ ನಾನು ಮೊದಲ ಬಾರಿ ರೋಲರ್ ಹಿಡಿದು ಬಣ್ಣ ಹಚ್ಚಿದ್ದು ಗೌರಿ ಹಬ್ಬಕ್ಕೆ ಒಂದು ವಾರ ಮೊದಲು. ಹಬ್ಬಕ್ಕೆ ಬಂದ ನೆಂಟರೆಲ್ಲ ಗೋಡೆ ನೋಡಿ ಮೆಚ್ಚಿಕೊಂಡು ಹೋದರು. ದೀಪಾವಳಿಯ ಹೊತ್ತಿಗೆ ಕಿಟಕಿಯ ಕೆಳಗೆ, ನೆಲದಿಂದ ಒಂದು ಮೊಳ ಎತ್ತರದಲ್ಲಿ, ಹಪ್ಪಳದ ಹಾಗೆ ಉಬ್ಬಿದ ಗುಳ್ಳೆಗಳು ಕಾಣಿಸಿಕೊಂಡವು. ಒಂದನ್ನು ಉಗುರಿನಿಂದ ಒತ್ತಿದಾಗ ಒಳಗಿಂದ ನೀರು ಜಿನುಗಿತು. ಅದರ ಹಿಂದೆಯೇ ಹಿಟ್ಟಿನಂಥ ಬಿಳಿ ಪುಡಿ ಉದುರಿತು. ತಪ್ಪು ಬಣ್ಣದ್ದೂ ಅಲ್ಲ, ರೋಲರ್‌ನದ್ದೂ ಅಲ್ಲ. ಮೂರು ತಿಂಗಳು ಮಳೆ ಕುಡಿದ ಗೋಡೆಯ ಮೇಲೆ ನಾನು ಪ್ಲಾಸ್ಟಿಕ್ ಪೊರೆಯೊಂದನ್ನು ಎಳೆದು, ಅದರ ಉಸಿರು ಕಟ್ಟಿಸಿದ್ದೆ.

ಆದುದರಿಂದ ಈ ಮಾರ್ಗದರ್ಶಿಯಲ್ಲಿ ರೋಲರ್ ಬರುವುದು ತಡವಾಗಿ. ರೋಲರ್ ಉರುಳಿಸುವುದನ್ನು ಒಂದು ಮಧ್ಯಾಹ್ನದಲ್ಲಿ ಯಾರು ಬೇಕಾದರೂ ಕಲಿಯಬಹುದು. ಗೋಡೆ ಬಣ್ಣಕ್ಕೆ ಸಿದ್ಧವಾಗಿದೆಯೇ ಎಂದು ತಿಳಿಯುವುದು ಮತ್ತು ಸಿದ್ಧವಾಗಿಲ್ಲದಿದ್ದರೆ ಕಾಯುವುದು, ಇವೆರಡೇ ನಮ್ಮ ಸೀಮೆಯಲ್ಲಿ ಕಷ್ಟದ ಕೆಲಸ.

ಯಾವ ತಿಂಗಳಲ್ಲಿ ಹಚ್ಚಬೇಕು

ಹಬ್ಬಕ್ಕೆ ಮುಂಚೆ ಮನೆಗೆ ಬಣ್ಣ ಬಳಿಯುವ ರೂಢಿ ಸುಣ್ಣದ ಕಾಲದಿಂದ ಬಂದದ್ದು. ಸುಣ್ಣಕ್ಕೆ ತೇವ ಶತ್ರುವಲ್ಲ. ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣಕಲ್ಲಿನಂತೆ ಗಟ್ಟಿಯಾಗುತ್ತದೆ, ಆ ಕ್ರಿಯೆಗೆ ಸ್ವಲ್ಪ ಪಸೆ ಇರಬೇಕಾದದ್ದೂ ಹೌದು, ಮತ್ತು ಗಟ್ಟಿಯಾದ ಮೇಲೂ ಅದರ ಸಣ್ಣ ರಂಧ್ರಗಳ ಮೂಲಕ ಗೋಡೆಯ ನೀರು ಆವಿಯಾಗಿ ಹೊರಗೆ ಹೋಗುತ್ತಲೇ ಇರುತ್ತದೆ. ಇಂದು ನಾವು ಬಳಸುವ ಅಕ್ರಿಲಿಕ್ ಎಮಲ್ಷನ್ ಹಾಗಲ್ಲ. ಅದು ನೀರಿನಲ್ಲಿ ಕಲಸಿದ ರಾಳದ ಬಣ್ಣ. ನೀರು ಆರಿದಂತೆ ರಾಳದ ಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ. ಗೋಡೆಯೊಳಗೆ ನೀರು ಉಳಿದಿದ್ದರೆ ಅದು ಆ ಪೊರೆಯನ್ನು ಹಿಂದಿನಿಂದ ನೂಕುತ್ತದೆ.

ಶಿವಮೊಗ್ಗ, ಭದ್ರಾವತಿಯಂಥ ಅರೆಮಲೆನಾಡಿನ ಊರುಗಳಲ್ಲಿ ಸಿಮೆಂಟ್ ಗೋಡೆಯ ಮನೆಯಾದರೆ ನವೆಂಬರ್ ಕೊನೆಯ ಹೊತ್ತಿಗೆ ಕೆಲಸ ಹಿಡಿಯಬಹುದು. ಪಶ್ಚಿಮಕ್ಕೆ ಹೋದಂತೆ ಲೆಕ್ಕ ಬದಲಾಗುತ್ತದೆ. ಹೊಸನಗರ, ತೀರ್ಥಹಳ್ಳಿ, ಸಾಗರದ ಘಟ್ಟದಂಚಿನ ಹಳ್ಳಿಗಳಲ್ಲಿ, ಅದರಲ್ಲೂ ವರ್ಷದ ಸರಾಸರಿ ಮಳೆ 7000 ಮಿ.ಮೀ. ದಾಟುವ ಆಗುಂಬೆಯ ಸುತ್ತಮುತ್ತ, ಜಂಬಿಟ್ಟಿಗೆಯ ಗೋಡೆ ಮಳೆಗಾಲದಲ್ಲಿ ಹೀರಿದ ನೀರನ್ನು ಬಿಟ್ಟುಕೊಡುವುದಕ್ಕೆ ತಿಂಗಳುಗಳೇ ಬೇಕು. ಜಂಬಿಟ್ಟಿಗೆ ತೂತುತೂತಾದ ಕಲ್ಲು. ಹೊರಗಿನ ಗಾರೆ ಬಿರಿದಿದ್ದರೆ ಎರಚಲು ಹೊಡೆದಷ್ಟೂ ಕುಡಿಯುತ್ತದೆ. ಹೇಗೂ ನವೆಂಬರಿನಿಂದ ಜನವರಿಯವರೆಗೆ ಅಡಿಕೆ ಕೊಯ್ಲು, ಸುಲಿತ, ಬೇಯಿಸುವುದು ಎಂದು ಮನೆಯವರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಅಂಗಳದ ಅಡಿಕೆ ಮಂಡಿಗೆ ಹೋದ ಮೇಲೆ, ಶಿವರಾತ್ರಿಯಿಂದ ಯುಗಾದಿಯವರೆಗಿನ ಸುಮಾರು ಒಂದು ತಿಂಗಳೇ ನನ್ನ ದೃಷ್ಟಿಯಲ್ಲಿ ನಮ್ಮ ಮನೆಗಳಿಗೆ ಸರಿಯಾದ ಕಾಲ. ಅದಕ್ಕೂ ತಡಮಾಡಿದರೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ನಡುವೆ ಬಿಸಿಲು ನೋಡಿಕೊಂಡು ಕೆಲಸ ಮಾಡಬೇಕಾಗುತ್ತದೆ.

ಗೋಡೆಯ ತೇವವನ್ನು ಪರೀಕ್ಷಿಸುವುದು

ಅಂಗೈ ಇಟ್ಟು ನೋಡಿ ಒಣಗಿದೆ ಎಂದು ತೀರ್ಮಾನಿಸಬೇಡಿ. ಹದಿನೆಂಟು ಅಂಗುಲ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯೊಂದನ್ನು, ಗೊಬ್ಬರದ ಚೀಲದ ಒಳಪದರವಾದರೂ ಸಾಕು, ತೊಳೆದು ಒರೆಸಿ ಗೋಡೆಗೆ ಹಚ್ಚಿ, ನಾಲ್ಕೂ ಅಂಚುಗಳಿಗೆ ಸಂದು ಬಿಡದಂತೆ ಅಂಟುಪಟ್ಟಿ ಹಾಕಿ. ಒಂದು ಹಗಲು, ಒಂದು ರಾತ್ರಿ ಹಾಗೆಯೇ ಬಿಟ್ಟು ಮರುದಿನ ನೋಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆಗಿರುವ ಮೈಯಲ್ಲಿ, ನೀರಿನ ಹನಿಗಳು ಕಟ್ಟಿದ್ದರೆ ಅಥವಾ ಅದರ ಹಿಂದಿನ ಗೋಡೆ ಕಪ್ಪಾಗಿದ್ದರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ ಎಂದರ್ಥ. ಹನಿಗಳು ಹೊರಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ. ಕಿಟಕಿ ತೆರೆದು ಗಾಳಿಯಾಡಿಸಿದರೆ ಅದಕ್ಕೆ ಪರಿಹಾರವಿದೆ. ಈ ಪರೀಕ್ಷೆಯನ್ನು ಒಂದೇ ಕಡೆ ಮಾಡಿ ಸುಮ್ಮನಾಗಬಾರದು. ಪಡುವಣ ಗೋಡೆಯ ಬುಡದಲ್ಲಿ, ಕಿಟಕಿಯ ಕೆಳಗೆ, ಬಚ್ಚಲಿಗೆ ತಾಗಿದ ಗೋಡೆಯಲ್ಲಿ ಮತ್ತು ಮಾಡಿನ ಎರಡು ಇಳಿಜಾರು ಕೂಡುವ ಕಣಿವೆ ಇಳಿಯುವ ಮೂಲೆಯಲ್ಲಿ ಬೇರೆ ಬೇರೆಯಾಗಿ ನೋಡಬೇಕು.

ತೇವವಿದ್ದರೆ ಮೊದಲು ಅದರ ದಾರಿಯನ್ನು ಹುಡುಕಿ. ಒಡೆದ ಹೆಂಚು, ಮಾಡಿನ ನೀರು ಹರಿಯುವ, ಕಸ ತುಂಬಿದ ದೋಣಿ, ಗೋಡೆಯ ಬುಡಕ್ಕೆ ಒತ್ತಿ ಬೆಳೆದ ಹೂವಿನ ಪಾತಿ, ಅಂಗಳದ ಮಟ್ಟ ಒಳನೆಲಕ್ಕಿಂತ ಎತ್ತರವಾಗಿರುವುದು, ನಮ್ಮಲ್ಲಿ ಸಾಮಾನ್ಯವಾಗಿ ಇವೇ ಕಾರಣಗಳು. ಹಳಬರು ಮಳೆಗಾಲಕ್ಕೆ ಮುಂಚೆ ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಇದೇ ಎರಚಲನ್ನು ತಡೆಯುವುದಕ್ಕೆ; ಒಳಗಿನಿಂದ ಹಚ್ಚುವ ಯಾವ ದುಬಾರಿ ಬಣ್ಣವೂ ಆ ತಟ್ಟಿಯಷ್ಟು ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ. ಹೊಸ ಗಾರೆಯ ಗೋಡೆಯಾದರೆ ಕನಿಷ್ಠ 28 ದಿನ ಬಿಡಲೇಬೇಕು, ಮಲೆನಾಡಿನಲ್ಲಿ ಒಂದು ಪೂರ್ತಿ ಬೇಸಿಗೆ ಬಿಟ್ಟರೆ ಇನ್ನೂ ಒಳ್ಳೆಯದು. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ತಿಂದು ಮಾಸಲು ಮಾಡುತ್ತದೆ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಿಮ್ಮದು ಮಣ್ಣಿನ ಗೋಡೆಯ ಹಳೆಯ ಮನೆಯಾದರೆ ರೋಲರ್, ಗೋಡೆ ನಯಮಾಡುವ ಪುಟ್ಟಿ, ಎಮಲ್ಷನ್ ಯಾವುದೂ ಬೇಡ. ಎರಡು ಕೈ ಸುಣ್ಣ ಹೊಡೆದು, ಬುಡಕ್ಕೆ ಪಟ್ಟಿಯಾಗಿ ಕೆಮ್ಮಣ್ಣಿನ ಕಾರಣೆ ಬಳಿಯಿರಿ. ಮುಂದಿನ ವಿವರಗಳೆಲ್ಲ ಸಿಮೆಂಟ್ ಗಾರೆಯ ಗೋಡೆಗೆ ಮಾತ್ರ ಸಲ್ಲುತ್ತವೆ.

ಹಳೆಯ ಮೈಯನ್ನು ತೆಗೆಯುವುದು

ಗೋಡೆಯನ್ನು ಅಂಗೈಯಿಂದ ಒತ್ತಿ ಉಜ್ಜಿ. ಕೈಗೆ ಬಿಳಿ ಪುಡಿ ಅಂಟಿದರೆ ಅಲ್ಲಿ ಹಳೆಯ ಸುಣ್ಣವೋ ಡಿಸ್ಟೆಂಪರ್ ಎಂಬ ಸೀಮೆಸುಣ್ಣದ ಬಣ್ಣವೋ ಇದೆ. ಅದರ ಮೇಲೆ ಹಚ್ಚಿದ ಎಮಲ್ಷನ್ ಗೋಡೆಗೆ ಅಂಟುವುದಿಲ್ಲ, ಆ ಪುಡಿಗೆ ಅಂಟುತ್ತದೆ. ಪುಡಿ ಗೋಡೆಯನ್ನು ಬಿಟ್ಟ ದಿನ ಬಣ್ಣವೂ ಅದರ ಜೊತೆ ಹಾಳೆ ಹಾಳೆಯಾಗಿ ಇಳಿಯುತ್ತದೆ. ಇಂಥ ಗೋಡೆಗೆ ನೀರು ಹೊಡೆದು, ಹತ್ತು ನಿಮಿಷ ನೆನೆಸಿ, ಕೆರೆಯುವ ತಗಡಿನಿಂದ ಗಟ್ಟಿ ಗಾರೆ ಸಿಗುವವರೆಗೆ ಕೆರೆದು ತೆಗೆಯಬೇಕು. ಬೇಸರದ ಕೆಲಸ, ಒಂದು ಕೋಣೆಗೆ ಎರಡು ದಿನ ಹಿಡಿಯುತ್ತದೆ. ಹಳೆಯದು ಎಮಲ್ಷನ್ನೇ ಆಗಿದ್ದರೆ ಬ್ಲೇಡಿನಿಂದ ಸಣ್ಣ ಗುಣಿಸು ಗುರುತು ಗೀರಿ, ಅದರ ಮೇಲೆ ಅಂಟುಪಟ್ಟಿ ಒತ್ತಿ, ಒಮ್ಮೆಲೇ ಕಿತ್ತು ನೋಡಿ. ಪಟ್ಟಿಯ ಜೊತೆ ಬಣ್ಣ ಎದ್ದು ಬರದಿದ್ದರೆ ಆ ಪದರವನ್ನು ಉಳಿಸಿಕೊಂಡು 180 ನಂಬರಿನ ಎಮೆರಿ ಪೇಪರ್‌ನಿಂದ ತರಿಮಾಡಿದರೆ ಸಾಕು.

ನಮ್ಮ ಕಡೆಯ ಅನೇಕ ಮನೆಗಳಲ್ಲಿ ನೆಲದಿಂದ ಮೂರು ನಾಲ್ಕು ಅಡಿ ಎತ್ತರದವರೆಗೆ ಆಯಿಲ್ ಪೇಂಟ್ ಹೊಡೆದಿರುತ್ತಾರೆ. ಆ ಹೊಳಪಿನ ಮೈಗೆ ನೀರಿನ ಬಣ್ಣ ಹಿಡಿಯುವುದಿಲ್ಲವಾದ್ದರಿಂದ ಹೊಳಪು ಪೂರ್ತಿ ಸಾಯುವವರೆಗೆ ಉಜ್ಜಬೇಕು. ಆದರೆ ಎಚ್ಚರಿಕೆ ಬೇಕು. ಭಾರತದಲ್ಲಿ ಮನೆ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು 90 ಪಿಪಿಎಂಗೆ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕೆ, ಮಿತಿಗೊಳಿಸಿದ ನಿಯಮ ರೂಪುಗೊಂಡದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಳೆಯ ಆಯಿಲ್ ಪೇಂಟಿನಲ್ಲಿ ಸೀಸ ಇರಬಹುದು ಎಂದೇ ತಿಳಿದು, ಒಣ ಗೋಡೆಯನ್ನು ಉಜ್ಜಿ ದೂಳು ಎಬ್ಬಿಸದೆ, ನೀರಿನಲ್ಲಿ ಅದ್ದುವ ಬಗೆಯ ವಾಟರ್ ಪೇಪರ್‌ನಿಂದ ಒದ್ದೆ ಮಾಡಿಕೊಂಡೇ ಉಜ್ಜಿ, ಕೆಸರನ್ನು ಬಟ್ಟೆಯಿಂದ ಒರೆಸಿ ತೆಗೆಯಬೇಕು. ಮಕ್ಕಳನ್ನೂ ಬಸುರಿಯರನ್ನೂ ಆ ಎರಡು ದಿನ ಅಜ್ಜನ ಮನೆಗೆ ಕಳುಹಿಸಿ.

ಬೂಷ್ಟು ಹಿಡಿದ ಗೋಡೆಯನ್ನು ಒರೆಸಿ ಅದರ ಮೇಲೆ ಬಣ್ಣ ಹಚ್ಚಿದರೆ ಮುಂದಿನ ಆಷಾಢದಲ್ಲಿ ಅದೇ ಜಾಗದಲ್ಲಿ ಅದೇ ಆಕಾರದ ಕರಿಚುಕ್ಕೆಗಳು ಮೇಲೇಳುತ್ತವೆ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂರು ಪಾಲು ನೀರು ಬೆರೆಸಿ, ಕೈಗವಸು ಹಾಕಿಕೊಂಡು, ಕಿಟಕಿ ತೆರೆದಿಟ್ಟು ಸ್ಪಂಜಿನಿಂದ ಹಚ್ಚಿ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಬ್ರಷ್‌ನಿಂದ ಉಜ್ಜಿ, ಶುದ್ಧ ನೀರಿನಿಂದ ತೊಳೆಯಿರಿ. ಶೌಚಾಲಯ ತೊಳೆಯುವ ಆಸಿಡ್‌ನ ಜೊತೆ ಇದನ್ನು ಎಂದಿಗೂ ಬೆರೆಸಬಾರದು, ವಿಷಾನಿಲ ಹುಟ್ಟುತ್ತದೆ. ಬಿಳಿ ಪುಡಿಯಾಗಿ ಉಪ್ಪು ಬಿಟ್ಟ ಗೋಡೆಯ ಚಿಕಿತ್ಸೆ ಇದಕ್ಕೆ ತದ್ವಿರುದ್ಧ. ಅಲ್ಲಿ ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಇಳಿಯುತ್ತದೆ. ಒಣ ಬ್ರಷ್‌ನಿಂದ ಗುಡಿಸಿ ತೆಗೆದು, ಎರಡು ವಾರ ಬಿಟ್ಟು, ಮತ್ತೆ ಹೂ ಬಿಡದಿದ್ದರೆ ಮಾತ್ರ ಮುಂದುವರಿಯಬೇಕು.

ಒಲೆಯ ಅಡುಗೆಮನೆ, ಹಂಡೆ ಉರಿಯುವ ಬಚ್ಚಲು ಇವುಗಳ ಪಕ್ಕದ ಗೋಡೆಗಳಲ್ಲಿ ಇಲ್ಲಣ ಇಳಿದಿರುತ್ತದೆ. ಮೇಲಿನ ಮಸಿಯನ್ನು ಗುಡಿಸಿ, ಸೋಪಿನ ಬಿಸಿನೀರಿನಿಂದ ಎರಡು ಸಲ ತೊಳೆದರೂ ಹೊಗೆಯ ಅಂಟು ಗಾರೆಯೊಳಗೆ ಉಳಿದುಕೊಂಡು, ನೀರಿನ ಬಣ್ಣವನ್ನು ಹಚ್ಚಿದ ಒಂದೇ ಗಂಟೆಯಲ್ಲಿ ಬೆಲ್ಲದ ಪಾಕದ ಬಣ್ಣದಲ್ಲಿ ಹೊರಗೆ ಒಸರುತ್ತದೆ. ಅಲ್ಲಿಗೆ ಮಾತ್ರ ಟರ್ಪೆಂಟೈನ್‌ನಲ್ಲಿ ಬೆರೆಸುವ ಸಾಲ್ವೆಂಟ್ ಪ್ರೈಮರಿನ, ಅಂದರೆ ಬಣ್ಣಕ್ಕೆ ಮುಂಚೆ ಹಚ್ಚುವ ತಳಪದರದ, ಒಂದು ಕೋಟ್ ಬೇಕೇ ಬೇಕು.

ಪುಟ್ಟಿ ಮತ್ತು ಪ್ರೈಮರ್

ಸಣ್ಣ ಬಿರುಕುಗಳನ್ನು ಪುಟ್ಟಿ ಬ್ಲೇಡಿನ ಮೂಲೆಯಿಂದ ಸ್ವಲ್ಪ ಅಗಲಿಸಿ, ದೂಳು ಊದಿ ತೆಗೆದು ತುಂಬಿ. ಕೂದಲೆಳೆಯಷ್ಟು ತೆಳುವಾದ ಬಿರುಕಿನೊಳಗೆ ಪುಟ್ಟಿ ಹೋಗುವುದೇ ಇಲ್ಲ, ಮೇಲೆ ಕೂತು ಒಣಗಿದ ಮೇಲೆ ಮತ್ತೆ ಸೀಳುತ್ತದೆ. ಬಿಳಿ ಸಿಮೆಂಟಿನ ಪುಟ್ಟಿ ಬಳಸುವುದಾದರೆ ಒಂದು ಕೆ.ಜಿ. ಪುಡಿಗೆ ಸುಮಾರು 350ರಿಂದ 400 ಮಿ.ಲೀ. ನೀರು. ಮೊದಲು ನೀರು, ಆಮೇಲೆ ಪುಡಿ. ಈ ಕ್ರಮ ತಿರುವುಮುರುವಾದರೆ ತಳದಲ್ಲಿ ಗಂಟು ಉಳಿಯುತ್ತದೆ. ದೋಸೆ ಹಿಟ್ಟಿಗಿಂತ ಗಟ್ಟಿ, ಇಡ್ಲಿ ಹಿಟ್ಟಿಗಿಂತಲೂ ತುಸು ಗಟ್ಟಿಯಾಗಿ ಕಲಸಿ, ಹತ್ತು ನಿಮಿಷ ನೆನೆಯಲು ಬಿಟ್ಟು, ಮತ್ತೊಮ್ಮೆ ಕಲಸಿ, ಎರಡು ಮೂರು ಗಂಟೆಯೊಳಗೆ ಮುಗಿಯುವಷ್ಟನ್ನೇ ಮಾಡಿಕೊಳ್ಳಿ. ಗೋಡೆಗೆ ಸ್ವಲ್ಪ ನೀರು ಚಿಮುಕಿಸಿ, ಮೊದಲ ಪದರವನ್ನು ಕೆಳಗಿನಿಂದ ಮೇಲಕ್ಕೆ ಎಳೆದು, ಮರುದಿನ ಎರಡನೆಯದನ್ನು ಹಾಕಬೇಕು. ಎರಡೂ ಸೇರಿ ಒಂದೂವರೆ ಮಿ.ಮೀ. ಮೀರದಿದ್ದರೆ ಚೆನ್ನ. ದಪ್ಪ ಪುಟ್ಟಿಯಿಂದ ಗೋಡೆಯ ಸೊಟ್ಟ ತಿದ್ದಲು ಹೋಗಬೇಡಿ, ಅದು ಗಾರೆಯವರ ಕೆಲಸ.

ಒಣಗಿದ ಮೇಲೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು 180, ಆಮೇಲೆ 220 ನಂಬರಿನ ಎಮೆರಿ ಪೇಪರ್‌ನಿಂದ ಉಜ್ಜಬೇಕು. ಇಲ್ಲಿ ಒಂದು ಉಪಾಯವಿದೆ. ರಾತ್ರಿ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ತಾಗಿಸಿ ಓರೆಯಾಗಿ ಬೆಳಕು ಬಿಟ್ಟರೆ ಹಗಲಿನಲ್ಲಿ ನಯವಾಗಿ ಕಂಡ ಗೋಡೆಯ ಏರು ತಗ್ಗುಗಳು, ಬ್ಲೇಡಿನ ಗೀರುಗಳು ಉತ್ತ ಗದ್ದೆಯ ಹಾಗೆ ಎದ್ದು ಕಾಣುತ್ತವೆ. ಪೆನ್ಸಿಲಿನಿಂದ ಗುರುತು ಹಾಕಿಟ್ಟು ಬೆಳಗ್ಗೆ ತಿದ್ದಿ. ಅನಂತರ ಒದ್ದೆ ಬಟ್ಟೆಯಿಂದ ದೂಳು ಒರೆಸಿ, ಒಣಗಿದ ಮೇಲೆ ಪ್ರೈಮರಿನ ಒಂದು ಕೋಟ್ ರೋಲರ್‌ನಲ್ಲೇ ಹಚ್ಚಿ. ರೋಲರ್ ಅಭ್ಯಾಸ ಮಾಡುವುದಕ್ಕೆ ಪ್ರೈಮರ್‌ಗಿಂತ ಒಳ್ಳೆಯ ಸಂದರ್ಭ ಇನ್ನೊಂದಿಲ್ಲ, ತಪ್ಪಾದರೆ ಬಣ್ಣ ಮುಚ್ಚುತ್ತದೆ.

ಎಷ್ಟು ಸಾಮಾನು ಬೇಕು

ಹತ್ತು ಅಡಿಗೆ ಹನ್ನೆರಡು ಅಡಿಯ, ಹತ್ತು ಅಡಿ ಎತ್ತರದ ಕೋಣೆಯನ್ನು ಲೆಕ್ಕಕ್ಕೆ ಹಿಡಿಯೋಣ. ಸುತ್ತಳತೆ 44 ಅಡಿ, ಗೋಡೆಯ ಒಟ್ಟು ವಿಸ್ತೀರ್ಣ 440 ಚದರ ಅಡಿ. ಮೂರಕ್ಕೆ ಏಳರ ಒಂದು ಬಾಗಿಲು, ನಾಲ್ಕಕ್ಕೆ ನಾಲ್ಕರ ಎರಡು ಕಿಟಕಿ ಎಂದು 53 ಚದರ ಅಡಿ ಕಳೆದರೆ ಉಳಿಯುವುದು 387. ಪುಟ್ಟಿ ಒಂದು ಕೆ.ಜಿ.ಗೆ ಎರಡು ಪದರಕ್ಕೆ ಸುಮಾರು 20 ಚದರ ಅಡಿ ಬರುವುದರಿಂದ 20 ಕೆ.ಜಿ.ಯ ಒಂದು ಚೀಲ. ಒಳ್ಳೆಯ ಎಮಲ್ಷನ್ ಪುಟ್ಟಿ ಹಾಕಿದ ಗೋಡೆಯಲ್ಲಿ ಎರಡು ಕೋಟ್‌ಗೆ ಲೀಟರಿಗೆ 100ರಿಂದ 140 ಚದರ ಅಡಿ ಓಡುತ್ತದೆ; 120 ಎಂದು ಹಿಡಿದರೂ ಮೂರೂಕಾಲು ಲೀಟರ್ ಬೇಕು, ಅಂದರೆ 4 ಲೀಟರಿನ ಒಂದು ಡಬ್ಬ. ಒಂದಕ್ಕಿಂತ ಹೆಚ್ಚು ಡಬ್ಬ ಬೇಕಾದಲ್ಲಿ ಎಲ್ಲವನ್ನೂ ಒಂದೇ ದೊಡ್ಡ ಬಕೆಟ್ಟಿಗೆ ಸುರಿದು ಕಲಸಿಕೊಳ್ಳಿ. ಅಂಗಡಿಯ ಯಂತ್ರದಲ್ಲೇ ಬೆರೆಸಿದರೂ ಡಬ್ಬದಿಂದ ಡಬ್ಬಕ್ಕೆ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ, ಅದು ಗೋಡೆಯ ನಡುವೆಯೇ ಕಾಣಿಸಿಕೊಳ್ಳುತ್ತದೆ.

ರೋಲರ್ ಒಂಬತ್ತು ಅಂಗುಲದ್ದು ಒಂದು, ಬಾಗಿಲ ಮೇಲಿನ ಇಕ್ಕಟ್ಟಿಗೂ ದೀಪದ ಗೂಡಿನ ಅಕ್ಕಪಕ್ಕಕ್ಕೂ ನಾಲ್ಕು ಅಂಗುಲದ್ದು ಒಂದು. ಅಗಲಕ್ಕಿಂತ ಮುಖ್ಯವಾದದ್ದು ಅದರ ತುಪ್ಪಳದ ಉದ್ದ. ಪುಟ್ಟಿ ಹಾಕಿದ ನಯ ಗೋಡೆಗೆ 8ರಿಂದ 12 ಮಿ.ಮೀ. ಸರಿ, ಪುಟ್ಟಿ ಇಲ್ಲದ ತರಿ ಗಾರೆಗೆ 18 ಮಿ.ಮೀ. ಬೇಕು, ಇಲ್ಲವಾದರೆ ತಗ್ಗಿನೊಳಗೆ ಬಣ್ಣ ಇಳಿಯುವುದಿಲ್ಲ. ಫೋಮ್ ರೋಲರ್ ಅಗ್ಗ, ಆದರೆ ಗೋಡೆಯ ಮೇಲೆ ಗಾಳಿಗುಳ್ಳೆ ಬಿಡುತ್ತದೆ. ಮೈಕ್ರೋಫೈಬರ್ ತುಪ್ಪಳದ್ದನ್ನು ತೆಗೆದುಕೊಳ್ಳಿ. ಇದರ ಜೊತೆಗೆ ಎರಡೂವರೆ ಅಂಗುಲದ ಬ್ರಷ್, ಇಳಿಜಾರಿನ ಟ್ರೇ, ಮಾಸ್ಕಿಂಗ್ ಟೇಪ್, ನೆಲಕ್ಕೆ ಹಾಸಲು ಹಳೆಯ ಪಂಚೆಗಳು, ರೋಲರ್ ಹಿಡಿಗೆ ಸಿಕ್ಕಿಸುವ ಉದ್ದನೆಯ ಕೋಲು. ಕೋಲಿದ್ದರೆ ಏಣಿ ಹತ್ತಿ ಇಳಿಯುವುದು ಬಹುಮಟ್ಟಿಗೆ ತಪ್ಪುತ್ತದೆ, ಮತ್ತು ಎರಡು ಕೈಯ ಬಲ ಸಮವಾಗಿ ಬೀಳುವುದರಿಂದ ಬಣ್ಣವೂ ಸಮವಾಗಿ ಬೀಳುತ್ತದೆ.

ಬಣ್ಣದ ಆಯ್ಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಮನೆಗಳ ಮಾಡು ತಗ್ಗಾಗಿ ಇಳಿದಿರುವುದರಿಂದ ಒಳಗೆ ಬೆಳಕು ಕಡಿಮೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕೆನೆಬಣ್ಣವಾಗಿ ಕಂಡದ್ದು ಆಷಾಢದ ಮಧ್ಯಾಹ್ನ ಬೂದಿಯ ಹಾಗೆ ಕಾಣಬಹುದು. ಗೋಡೆಯ ಮೇಲೆ ಎರಡಡಿ ಚೌಕ ಹಚ್ಚಿ ಎರಡು ದಿನ ನೋಡಿ. ಹೊಳಪು ಕಡಿಮೆಯಿದ್ದಷ್ಟೂ ಗೋಡೆಯ ಊನ ಮರೆಯಾಗುತ್ತದೆ.

ರೋಲರ್ ಉರುಳಿಸುವುದು

ಕೆಲಸದ ದಿನ ಬೆಳಗ್ಗೆ ಅಟ್ಟವನ್ನೂ ಮುಚ್ಚಿಗೆಯ ಹಲಗೆಗಳ ಸಂದನ್ನೂ ಗುಡಿಸಿ. ಹೆಂಚಿನ ಮಾಡಿನಿಂದ ಉದುರುವ ದೂಳು ಹಸಿ ಬಣ್ಣದ ಮೇಲೆ ಕೂತರೆ ಅದನ್ನು ತೆಗೆಯಲು ಬರುವುದಿಲ್ಲ. ಮೇನ್ ಆಫ್ ಮಾಡಿ ಸ್ವಿಚ್‌ಬೋರ್ಡಿನ ಮುಖವನ್ನು ಬಿಚ್ಚಿ ಅಥವಾ ಟೇಪ್ ಸುತ್ತಿ. ಮೊದಲು ಮೇಲಿನ ಸೀಲಿಂಗ್, ಆಮೇಲೆ ಗೋಡೆ, ಕೊನೆಗೆ ಬಾಗಿಲು ಕಿಟಕಿ. ಬೆಳಗಿನ ಮಂಜು ಹರಿದು ಗಾಳಿ ಒಣಗುವುದಕ್ಕೆ ನಮ್ಮಲ್ಲಿ ಹತ್ತು ಗಂಟೆಯಾಗುತ್ತದೆ, ಅದಕ್ಕೆ ಮುಂಚೆ ಡಬ್ಬ ತೆರೆಯಬೇಡಿ.

ಹೊಸ ರೋಲರ್‌ನಿಂದ ಎಳೆ ಉದುರುತ್ತದೆ. ಅದನ್ನು ನೀರಿನಲ್ಲಿ ತೊಳೆದು, ಅಂಟುಪಟ್ಟಿಯ ಮೇಲೆ ಉರುಳಿಸಿ, ಸಡಿಲ ಎಳೆಗಳನ್ನು ತೆಗೆದು, ನೀರನ್ನು ಪೂರ್ತಿ ಕೊಡವಿ ಪಸೆಯಾಗಿ ಇಟ್ಟುಕೊಳ್ಳಿ. ಬಣ್ಣಕ್ಕೆ ಎಷ್ಟು ನೀರು ಎಂಬುದನ್ನು ಡಬ್ಬದ ಮೇಲೆ ಬರೆದಿರುತ್ತಾರೆ. ಅನೇಕ ಎಮಲ್ಷನ್‌ಗಳಿಗೆ ಲೀಟರಿಗೆ 400 ಮಿ.ಲೀ. ಆಸುಪಾಸು. ಆದರೆ ಆ ಅಳತೆ ಹೆಚ್ಚಾಗಿ ಬ್ರಷ್‌ಗೆ ಹೊಂದುವಂಥದ್ದು. ರೋಲರ್‌ಗೆ ಅದಕ್ಕಿಂತ ಕಡಿಮೆಯಿಂದ ಆರಂಭಿಸಿ, ಬಣ್ಣ ಎಳೆದಂತೆ ಅನಿಸಿದರೆ ಮಾತ್ರ ಸ್ವಲ್ಪ ಸ್ವಲ್ಪವೇ ಸೇರಿಸಿ. ಹೆಚ್ಚು ನೀರು ಹಾಕಿ ಒಂದು ಡಬ್ಬದಲ್ಲಿ ಎರಡು ಕೋಣೆ ಮುಗಿಸಿದ್ದೇನೆ ಎಂದು ಹೆಮ್ಮೆಪಡುವವರಿದ್ದಾರೆ. ಅವರ ಗೋಡೆಯನ್ನು ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ನೋಡಬೇಕು.

ರೋಲರ್ ಮೂಲೆಗೆ ಹೋಗುವುದಿಲ್ಲವಾದ್ದರಿಂದ ಗೋಡೆಯ ಅಂಚುಗಳಿಗೆ, ಚೌಕಟ್ಟಿನ ಸುತ್ತ, ಸ್ವಿಚ್‌ಬೋರ್ಡಿನ ಸುತ್ತ ಎರಡು ಮೂರು ಅಂಗುಲ ಅಗಲಕ್ಕೆ ಬ್ರಷ್‌ನಿಂದ ಮೊದಲು ಬಣ್ಣ ಕಟ್ಟಬೇಕು. ಹೊಸಬರು ಎಡವುವುದು ಇಲ್ಲಿಯೇ. ಇಡೀ ಕೋಣೆಯ ಅಂಚುಗಳನ್ನು ಮೊದಲು ಕಟ್ಟಿ, ಊಟ ಮಾಡಿ ಬಂದು ರೋಲರ್ ಹಿಡಿಯುತ್ತಾರೆ. ಅಷ್ಟರಲ್ಲಿ ಬ್ರಷ್‌ನ ಪಟ್ಟಿ ಒಣಗಿ, ಅದರ ಮೇಲೆ ರೋಲರ್ ಏರಿದಲ್ಲೆಲ್ಲ ಎರಡು ಪದರವಾಗಿ ಸೀರೆಯ ಅಂಚಿನಂತೆ ದಟ್ಟ ಗೆರೆ ಉಳಿಯುತ್ತದೆ. ಒಂದು ಗೋಡೆಯ ಅಂಚು ಕಟ್ಟಿ, ಅದು ಹಸಿಯಾಗಿರುವಾಗಲೇ ಆ ಗೋಡೆಯನ್ನು ರೋಲರ್‌ನಲ್ಲಿ ಮುಗಿಸಿ, ಆಮೇಲೆ ಮುಂದಿನ ಗೋಡೆಗೆ ಹೋಗಬೇಕು. ಇಬ್ಬರಿದ್ದರೆ ಒಬ್ಬರು ಬ್ರಷ್, ಇನ್ನೊಬ್ಬರು ರೋಲರ್.

ಟ್ರೇಯ ಗುಂಡಿಯಲ್ಲಿ ಮೂರನೆಯ ಒಂದು ಭಾಗದಷ್ಟು ಮಾತ್ರ ಬಣ್ಣ ಸುರಿಯಿರಿ. ರೋಲರನ್ನು ಮುಳುಗಿಸದೆ, ಬಣ್ಣಕ್ಕೆ ತಾಗಿಸಿ, ಇಳಿಜಾರಿನ ಮೇಲೆ ನಾಲ್ಕೈದು ಸಲ ಹಿಂದೆ ಮುಂದೆ ಉರುಳಿಸಿ. ಸುತ್ತಲೂ ಸಮವಾಗಿ ಕುಡಿದಿರಬೇಕು, ಎತ್ತಿದಾಗ ತೊಟ್ಟಿಕ್ಕಬಾರದು. ಗೋಡೆಯ ಒಂದು ಮೂಲೆಯಿಂದ ಆರಂಭಿಸಿ, ಮೊದಲ ಎಳೆತವನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಎಳೆಯಿರಿ. ಮೇಲಿನಿಂದ ಕೆಳಕ್ಕೆ ಆರಂಭಿಸಿದರೆ ತುಂಬಿದ ರೋಲರ್ ಬಣ್ಣವನ್ನು ಮುಂದಕ್ಕೆ ದೂಡಿ ಇಳಿಸುತ್ತದೆ. ರೋಲರನ್ನು ಗೋಡೆಯಿಂದ ಎತ್ತದೆ ಮೂರಡಿ ಅಗಲದ ಜಾಗದಲ್ಲಿ ಮೇಲೆ ಕೆಳಗೆ ಅಂಕುಡೊಂಕಾಗಿ ನಾಲ್ಕು ಗೆರೆ ಎಳೆದು, ಬಣ್ಣವನ್ನು ಅಲ್ಲಲ್ಲಿ ಇಳಿಸಿ, ಆಮೇಲೆ ನಡುವಿನ ಖಾಲಿ ಜಾಗವನ್ನು ತುಂಬುತ್ತ ಹೋಗಿ. ಕೊನೆಯಲ್ಲಿ ಬಣ್ಣ ತೆಗೆದುಕೊಳ್ಳದೆ, ಒತ್ತಡ ಹಾಕದೆ, ರೋಲರಿನ ಭಾರವಷ್ಟೇ ಬೀಳುವಂತೆ, ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ನೇರ ಪಟ್ಟಿಗಳಾಗಿ ಎಳೆದು ಮುಗಿಸಬೇಕು. ಎಲ್ಲ ಪಟ್ಟಿಗಳ ದಿಕ್ಕು ಒಂದೇ ಆಗಿದ್ದರೆ ಬೆಳಕು ಎಲ್ಲ ಕಡೆ ಒಂದೇ ತರಹ ಚೆಲ್ಲುತ್ತದೆ.

ಮುಂದಿನ ಮೂರಡಿಯನ್ನು ತುಂಬುವಾಗ ಹಿಂದಿನದರ ಅಂಚು ಇನ್ನೂ ಹಸಿಯಾಗಿರಬೇಕು, ಹೊಸದು ಅದರ ಮೇಲೆ ನಾಲ್ಕು ಅಂಗುಲವಾದರೂ ಏರಬೇಕು. ಫೆಬ್ರವರಿಯ ಒಣಗಾಳಿಯಲ್ಲಿ ಫ್ಯಾನ್ ಹಾಕಿಕೊಂಡು ಕೆಲಸ ಮಾಡಿದರೆ ಆ ಅಂಚು ಐದು ನಿಮಿಷದೊಳಗೆ ಆರಿಬಿಡಬಹುದು. ಬೆವರಿದರೂ ಸರಿ, ಫ್ಯಾನ್ ಬೇಡ. ಗೋಡೆಯ ನಡುವೆ ಫೋನ್ ಬಂದರೆ ತೆಗೆಯಬೇಡಿ. ರೋಲರಿನ ಹಿಡಿ ಒಂದೇ ಕಡೆ ಜೋಡಿಸಿರುವುದರಿಂದ ಆ ಕಡೆಗೆ ಒತ್ತಡ ಹೆಚ್ಚು ಬೀಳುತ್ತದೆ. ಹಿಡಿಯಿಲ್ಲದ ತುದಿಯನ್ನು ಈಗಾಗಲೇ ಮುಗಿದ ಭಾಗದ ಕಡೆಗೆ ಇಟ್ಟುಕೊಂಡರೆ ಅಲ್ಲಿ ಏಣು ಮೂಡುವುದು ಕಡಿಮೆಯಾಗುತ್ತದೆ.

ನಮ್ಮೂರಿನ ವಯಸ್ಸಾದ ಪೇಂಟರ್ ಒಬ್ಬರು ಗೋಡೆ ನೋಡುವುದಕ್ಕಿಂತ ಹೆಚ್ಚಾಗಿ ಕಿವಿಗೊಟ್ಟು ಕೆಲಸ ಮಾಡುತ್ತಿದ್ದರು. ಸರಿಯಾಗಿ ಬಣ್ಣ ಕುಡಿದ ರೋಲರ್ ಸದ್ದಿಲ್ಲದೆ, ಒದ್ದೆ ಅಂಗಳದಲ್ಲಿ ಬರಿಗಾಲಿನ ಹೆಜ್ಜೆಯಂತೆ ಸಣ್ಣಗೆ ಪಚಪಚ ಎನ್ನುತ್ತದೆ. ಬಣ್ಣ ತೀರುತ್ತ ಬಂದಂತೆ ಆ ಸದ್ದು ಗಟ್ಟಿಯಾಗಿ, ಟೇಪ್ ಕಿತ್ತ ಹಾಗೆ ಚರಚರ ಎನ್ನತೊಡಗುತ್ತದೆ. “ಅದು ಕೂಗ್ತಾ ಉಂಟು, ಹೊಟ್ಟೆಗೆ ಹಾಕಿ ಮಾರಾಯ್ರೆ” ಎಂದು ಅವರು ದೂರದಿಂದಲೇ ನನಗೆ ಹೇಳುತ್ತಿದ್ದರು. ಹೊಸಬರು ಆ ಸದ್ದು ಬಂದಾಗ ಬಣ್ಣ ತೆಗೆದುಕೊಳ್ಳುವ ಬದಲು ಗೋಡೆಗೆ ಇನ್ನಷ್ಟು ಒತ್ತುತ್ತಾರೆ. ಏಣುಗಳೂ ತೆಳುವಾದ ತೇಪೆಗಳೂ ಹುಟ್ಟುವುದು ಹಾಗೆ.

ಬಿಟ್ಟುಹೋದ ಚುಕ್ಕೆಯೊಂದು ಹತ್ತು ನಿಮಿಷದ ನಂತರ ಕಂಡರೆ ಮುಟ್ಟಬೇಡಿ. ಅರೆ ಒಣಗಿದ ಪೊರೆಯ ಮೇಲೆ ರೋಲರ್ ಹಾಯಿಸಿದರೆ ಅದು ಎದ್ದುಬಂದು ಚರ್ಮ ಸುಲಿದಂತಾಗುತ್ತದೆ. ಎರಡನೆಯ ಕೋಟ್ ಇರುವುದೇ ಅದಕ್ಕಾಗಿ. ಡಬ್ಬದ ಮೇಲೆ ನಾಲ್ಕು ಗಂಟೆಯ ಅಂತರ ಎಂದಿದ್ದರೂ ಮಲೆನಾಡಿನಲ್ಲಿ ಒಂದು ರಾತ್ರಿ ಬಿಟ್ಟು ಮರುದಿನ ಹತ್ತರ ನಂತರ ಹಚ್ಚುವುದು ಒಳ್ಳೆಯದು. ನಡುವಿನ ಹೊತ್ತಿನಲ್ಲಿ ರೋಲರನ್ನು ತೊಳೆಯಬೇಕಾಗಿಲ್ಲ. ಗಾಳಿಯಾಡದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನೆರಳಲ್ಲಿಟ್ಟರೆ ಬೆಳಗ್ಗೆ ಹಾಗೆಯೇ ಬಳಸಬಹುದು. ಎರಡನೆಯ ಕೋಟ್‌ಗೆ ಮುಂಚೆ 320 ನಂಬರಿನ ಪೇಪರನ್ನು ಗೋಡೆಯ ಮೇಲೆ ಹಗುರವಾಗಿ ಒಮ್ಮೆ ಆಡಿಸಿ, ಕೂತ ದೂಳಿನ ಕಣಗಳನ್ನು ತೆಗೆದು ಒರೆಸಿ. ಈ ಕೋಟ್ ಮುಗಿದು, ಬಣ್ಣ ಇನ್ನೂ ಪೂರ್ತಿ ಗಟ್ಟಿಯಾಗದಿರುವಾಗಲೇ ಮಾಸ್ಕಿಂಗ್ ಟೇಪನ್ನು ಓರೆಯಾಗಿ ನಿಧಾನಕ್ಕೆ ಎಳೆದು ತೆಗೆಯಬೇಕು.

ಕೆಲಸ ಮುಗಿದ ಮೇಲೆ

ರೋಲರ್‌ನಲ್ಲಿ ಉಳಿದ ಬಣ್ಣವನ್ನು ಬ್ಲೇಡಿನ ಬೆನ್ನಿನಿಂದ ಡಬ್ಬಕ್ಕೆ ಹಿಂಡಿ, ಒಂದು ಬಕೆಟ್ ನೀರಿನಲ್ಲಿ ತೊಳೆಯಿರಿ. ಆ ನೀರನ್ನು ಬಾವಿಕಟ್ಟೆಯ ಹತ್ತಿರವಾಗಲಿ ತೋಟದ ಬಸಿಗಾಲುವೆಗಾಗಲಿ ಚೆಲ್ಲಬೇಡಿ. ಬಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ನೀರನ್ನು ಬಾವಿ, ತೋಟ, ಹಳ್ಳ ಎಲ್ಲದರಿಂದಲೂ ದೂರದ ಒಣನೆಲಕ್ಕೆ ಹಾಕಿ, ಕೆಳಗಿನ ಗಸಿಯನ್ನು ಹಳೆಯ ಪೇಪರಿನಲ್ಲಿ ಒಣಗಿಸಿ ಕಸಕ್ಕೆ ಕೊಡಿ. ಉಳಿದ ಬಣ್ಣವನ್ನು ಮುಚ್ಚಳದವರೆಗೆ ತುಂಬುವಂಥ ಸಣ್ಣ ಡಬ್ಬಕ್ಕೆ ವರ್ಗಾಯಿಸಿ, ಬಣ್ಣದ ಸಂಖ್ಯೆ, ಯಾವ ಕೋಣೆ, ಯಾವ ವರ್ಷ ಎಂದು ಬರೆದಿಟ್ಟರೆ ಮುಂದೆ ತೇಪೆ ಹಾಕಲು ಬರುತ್ತದೆ.

ಮುಟ್ಟಿದರೆ ಒಣಗಿದಂತೆ ಕಂಡರೂ ಪೊರೆ ಒಳಗೆ ಪೂರ್ತಿ ಗಟ್ಟಿಯಾಗಲು ಎರಡರಿಂದ ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಗೋಡೆಯನ್ನು ಒದ್ದೆ ಬಟ್ಟೆಯಿಂದ ಒರೆಸುವುದಾಗಲಿ, ಅದಕ್ಕೆ ಚಾಪೆ ಒರಗಿಸುವುದಾಗಲಿ, ಕ್ಯಾಲೆಂಡರ್ ಅಂಟಿಸುವುದಾಗಲಿ ಬೇಡ. ಹಗಲು ಕಿಟಕಿಗಳನ್ನು ತೆರೆದಿಡಿ, ಸಂಜೆ ತಂಪು ಇಳಿಯುವ ಮುಂಚೆ ಮುಚ್ಚಿ. ಬೀರುವನ್ನೂ ಪುಸ್ತಕದ ಕಪಾಟನ್ನೂ ಹಿಂದಿನ ಜಾಗಕ್ಕೆ ತಳ್ಳುವಾಗ ಪಡುವಣ ಗೋಡೆಯಿಂದ ನಾಲ್ಕು ಅಂಗುಲ ಬಿಡಿ. ನಮ್ಮ ಆ ಕೋಣೆಯನ್ನು ಕೆರೆದು, ಅಂಗಳದ ಪಾತಿಯನ್ನು ಕಿತ್ತು, ಎರಡನೆಯ ಸಲ ಬಣ್ಣ ಹಚ್ಚಿದ್ದು ಒಂದು ಮಾರ್ಚ್ ತಿಂಗಳಲ್ಲಿ. ಆಗಿನಿಂದ ಪ್ರತಿ ಜುಲೈಯಲ್ಲಿ ಬೀರುವಿನ ಹಿಂದಿನ ಆ ಸಂದಿಗೆ ಕೈ ಹಾಕಿ, ಗೋಡೆಯನ್ನು ಸವರಿ, ಬೆರಳನ್ನು ಮೂಸಿ ನೋಡುವುದು ನನಗೆ ಅಭ್ಯಾಸವಾಗಿದೆ.